ಹಿಮ ಬೀಳುವ ಊರಿಗೆ ಮೊದಲ ಸಲ ಹೋಗುವವರ ಚಳಿಗಾಲದ ತಯಾರಿ: ಕಾಲಿನಿಂದ ಕಾರಿನವರೆಗೆ

ಈ ತಯಾರಿಯಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಹೊರಡುವ ಮುಂಚೆ ಸಿಕ್ಕಿದ್ದರಲ್ಲೇ ದಪ್ಪನೆಯ ಜಾಕೆಟ್ ಒಂದನ್ನು ಕೊಂಡು, ಪೆಟ್ಟಿಗೆಯ ಅರ್ಧ ಜಾಗ ಅದಕ್ಕೇ ಕೊಟ್ಟು, ಚಳಿಗಾಲದ ಕೆಲಸ ಮುಗಿಯಿತೆಂದು ಕೂತುಬಿಡುತ್ತಾರೆ. ಮೊದಲ ಹಿಮ ಬಿದ್ದ ಬೆಳಿಗ್ಗೆ ಬೂಟಿನೊಳಗೆ ನೀರು, ಜಾಕೆಟ್ಟಿನೊಳಗೆ ಬೆವರಿಗೆ ತೊಯ್ದ ಹತ್ತಿ ಬನಿಯನ್ನು, ಸ್ಟಾರ್ಟ್ ಆಗದ ಕಾರು. ಸಲಿಕೆ ತರೋಣವೆಂದರೆ ಅಂಗಡಿಯಲ್ಲಿ ಅದೂ ಖಾಲಿ. ಜಾಕೆಟ್ಟಿನ ತಪ್ಪು ಏನೂ ಇಲ್ಲ. ತಪ್ಪಿದ್ದು ಕ್ರಮ.

ಕ್ರಮ ಯಾಕೆ ಮುಖ್ಯವೆಂದರೆ, ಮೈ ಕೊರೆಯುವುದು ಬರೀ ಚಳಿಯಿಂದಲ್ಲ. ಒದ್ದೆ ಮತ್ತು ಗಾಳಿ ಅದರ ಜೊತೆ ಸೇರಿದಾಗ. ಗಾಳಿಯಿಲ್ಲದ, ಒಣಗಿದ ಮೈನಸ್ 10 ಡಿಗ್ರಿಯ ದಿನವನ್ನು ಸುಲಭವಾಗಿ ಕಳೆಯಬಹುದು. ಸೊನ್ನೆಯ ಆಸುಪಾಸಿನಲ್ಲಿ ಕೆಸರುಹಿಮ ತುಳಿದು, ಒದ್ದೆ ಸಾಕ್ಸಿನಲ್ಲಿ ಬಸ್ಸಿಗೆ ಕಾಯುವ ದಿನ ಅದಕ್ಕಿಂತ ಎಷ್ಟೋ ಕೆಟ್ಟದ್ದು. ಕೆಳಗಿನ ಹಂತಗಳು ಇದೇ ಲೆಕ್ಕದಲ್ಲಿವೆ: ಮೊದಲು ಕಾಲು, ಆಮೇಲೆ ಮೈ, ಆಮೇಲೆ ಮನೆ, ಕೊನೆಗೆ ರಸ್ತೆ.

ಹಂತ 1: ಹೋಗುವ ಊರಿನ ಚಳಿ ಯಾವ ಬಗೆಯದ್ದು ಎಂದು ತಿಳಿದುಕೊಳ್ಳಿ

ಸರಾಸರಿ ಉಷ್ಣಾಂಶ ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಅತಿ ಚಳಿಯ ತಿಂಗಳಿನಲ್ಲಿ ರಾತ್ರಿ ಎಷ್ಟಕ್ಕೆ ಇಳಿಯುತ್ತದೆ, ಗಾಳಿ ಎಷ್ಟು ಬೀಸುತ್ತದೆ, ನೆಲದ ಮೇಲೆ ಹಿಮ ಎಷ್ಟು ವಾರ ನಿಲ್ಲುತ್ತದೆ, ಮೊದಲ ಹಿಮ ಸಾಮಾನ್ಯವಾಗಿ ಯಾವಾಗ ಬೀಳುತ್ತದೆ. ಆ ಕೊನೆಯ ದಿನಾಂಕದಿಂದ ಆರು ವಾರ ಹಿಂದಕ್ಕೆ ಎಣಿಸಿ. ಮನೆ ಮತ್ತು ಕಾರಿನ ಕೆಲಸ ಶುರುವಾಗಬೇಕಾದ್ದು ಅಂದು.

ತಿಂಗಳುಗಟ್ಟಲೆ ಸೊನ್ನೆಯ ಕೆಳಗೇ ಇರುವ ಊರಿನಲ್ಲಿ ಹಿಮ ಒಣಗಿರುತ್ತದೆ, ಕೊಡವಿದರೆ ಉದುರುತ್ತದೆ. ಹಗಲು ಕರಗಿ ರಾತ್ರಿ ಗಟ್ಟಿಯಾಗುವ ಊರಿನಲ್ಲಿ ಕೆಸರುಹಿಮ, ಜಾರುವ ಗಾಜಿನಂಥ ನೆಲ ಎರಡೂ ಇರುತ್ತವೆ. ಮೊದಲನೆಯದಕ್ಕೆ ಬೆಚ್ಚಗಿನ ಬಟ್ಟೆ ಮುಖ್ಯ, ಎರಡನೆಯದಕ್ಕೆ ನೀರು ಒಳಗೆ ಬಿಡದ ಬಟ್ಟೆ.

ಹವಾಮಾನ ವರದಿಯಲ್ಲಿ ‘ವಿಂಡ್ ಚಿಲ್’ ಎಂಬ ಅಂಕಿಯನ್ನು ನೋಡುವ ಅಭ್ಯಾಸ ಈಗಲೇ ಮಾಡಿಕೊಳ್ಳಿ. ಮೈನಸ್ 10 ಡಿಗ್ರಿಯಿದ್ದು ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಬರಿಚರ್ಮಕ್ಕೆ ಮೈನಸ್ 20ರಷ್ಟು ತಟ್ಟುತ್ತದೆ. ಈ ಅಂಕಿ ಮೈನಸ್ 28ರ ಕೆಳಗೆ ಇಳಿದ ದಿನ, ಮುಚ್ಚದೆ ಬಿಟ್ಟ ಚರ್ಮ 10ರಿಂದ 30 ನಿಮಿಷದೊಳಗೆ ಹೆಪ್ಪುಗಟ್ಟಬಹುದು.

ಹಂತ 2: ಏನನ್ನು ಹೊತ್ತೊಯ್ಯಬೇಕು, ಏನನ್ನು ಅಲ್ಲೇ ಕೊಳ್ಳಬೇಕು

ಮೈಗೆ ಅಂಟುವ ಥರ್ಮಲ್ ಎರಡು ಜೊತೆ, ಉಣ್ಣೆಯ ಸಾಕ್ಸ್ ನಾಲ್ಕು ಜೊತೆ, ಒಂದು ಫ್ಲೀಸ್ (ತುಪ್ಪುಳಿನಂಥ ಸಿಂಥೆಟಿಕ್ ಮೇಲಂಗಿ), ಟೊಪ್ಪಿ, ಗ್ಲೌಸ್, ನಿತ್ಯದ ಔಷಧಿ: ಇಷ್ಟು ಜೊತೆಗಿರಲಿ. ದೊಡ್ಡ ಕೋಟು ಮತ್ತು ಬೂಟು ಅಲ್ಲಿಯೇ ಕೊಳ್ಳುವುದು ಮೇಲು. ಬೆಚ್ಚಗಿನ ಊರಿನ ಅಂಗಡಿಯಲ್ಲಿ ‘ಚಳಿಗಾಲದ ಜಾಕೆಟ್’ ಎಂದು ಮಾರುವುದು ಹೆಚ್ಚಾಗಿ ನಾಲ್ಕೈದು ದಿನದ ಪ್ರವಾಸಕ್ಕೆ ಸಾಕಾಗುವಂಥದ್ದು. ಹಿಮದ ಊರಿನ ಅಂಗಡಿಯವರು ಅಲ್ಲಿನ ಚಳಿಗೆ ತಕ್ಕುದನ್ನೇ ಇಟ್ಟಿರುತ್ತಾರೆ.

ಚಳಿಗಾಲದ ನಡುವೆಯೇ ಹೋಗಿ ಇಳಿಯುವವರಿಗೆ ಮಾತ್ರ ಲೆಕ್ಕ ಬೇರೆ. ವಿಮಾನ ನಿಲ್ದಾಣದಿಂದ ಮನೆಗೆ ಮತ್ತು ಮನೆಯಿಂದ ಅಂಗಡಿಗೆ ಹೋಗಿಬರುವಷ್ಟು ಬಟ್ಟೆ, ಬೂಟು ಸೇರಿ, ಕೈಚೀಲದಲ್ಲಿರಬೇಕು. ದೊಡ್ಡ ಪೆಟ್ಟಿಗೆ ಎರಡು ದಿನ ತಡವಾಗಿ ಬರುವುದು ಅಪರೂಪವೇನಲ್ಲ.

ಹಂತ 3: ಬೂಟು. ಹಣ ಮೊದಲು ಇಲ್ಲಿ ಖರ್ಚಾಗಲಿ

ಕೋಟು ಸಾಧಾರಣದ್ದಾದರೆ ಒಳಗೆ ಇನ್ನೊಂದು ಸ್ವೆಟರ್ ಹಾಕಿ ಸುಧಾರಿಸಬಹುದು. ಬೂಟು ಕೆಟ್ಟದ್ದಾದರೆ ಸುಧಾರಿಸುವ ದಾರಿಯಿಲ್ಲ.

ಬೂಟು ನೋಡಲು ಸಂಜೆ ಹೋಗಿ, ದಿನವಿಡೀ ಓಡಾಡಿದ ಕಾಲು ಆಗ ಸ್ವಲ್ಪ ಊದಿರುತ್ತದೆ. ಚಳಿಗಾಲದಲ್ಲಿ ಹಾಕುವ ದಪ್ಪ ಉಣ್ಣೆ ಸಾಕ್ಸ್ ಜೊತೆಗೆ ಒಯ್ದು, ಅದನ್ನು ಹಾಕಿಕೊಂಡೇ ಅಳತೆ ನೋಡಿ. ಲೇಸ್ ಕಟ್ಟುವ ಮೊದಲು ಕಾಲನ್ನು ಪೂರ್ತಿ ಮುಂದಕ್ಕೆ ದೂಡಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಸಲೀಸಾಗಿ ಇಳಿಯಬೇಕು. ಲೇಸ್ ಕಟ್ಟಿದ ಮೇಲೂ ಕಾಲ್ಬೆರಳು ಐದನ್ನೂ ಆಡಿಸಲು ಆಗಬೇಕು. ಸಾಮಾನ್ಯವಾಗಿ ಇದು ನಿಮ್ಮ ಎಂದಿನ ಅಳತೆಗಿಂತ ಅರ್ಧ ಅಥವಾ ಒಂದು ಸೈಜು ದೊಡ್ಡದು. ಬಿಗಿಯಾದ ಬೂಟಿನಲ್ಲಿ ರಕ್ತ ಸರಿಯಾಗಿ ಹರಿಯುವುದಿಲ್ಲ, ಬೆಚ್ಚಗಿಡುವ ಗಾಳಿಯ ಪದರಕ್ಕೂ ಜಾಗವಿಲ್ಲ. ಕಾಲು ತಣ್ಣಗಾಗುತ್ತದೆಂದು ಎರಡು ಸಾಕ್ಸ್ ತುರುಕುವವರು ಇದೇ ಕಾರಣಕ್ಕೆ ಇನ್ನಷ್ಟು ಮರಗಟ್ಟುತ್ತಾರೆ.

ಎತ್ತರ ಕಣಕಾಲಿನ ಮಧ್ಯದವರೆಗಿರಲಿ. ಕೆಳಭಾಗ, ಅಂದರೆ ಪಾದದ ಸುತ್ತ, ಹೊಲಿಗೆಯಿಲ್ಲದ ರಬ್ಬರ್ ಇದ್ದರೆ ನೀರು ನುಗ್ಗುವುದಿಲ್ಲ. ಅಟ್ಟೆಯನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿ. ಅಂಗಡಿಯ ಬೆಚ್ಚನೆಯಲ್ಲೇ ಕಲ್ಲಿನಂತಿರುವ ಅಟ್ಟೆ ಹೊರಗೆ ಹೋದಮೇಲೆ ಪ್ಲಾಸ್ಟಿಕ್ ತಟ್ಟೆಯೇ ಸರಿ. ಆಳವಾದ ಗೀರುಗಳಿದ್ದರೂ ಮಂಜುಗಡ್ಡೆಯ ಮೇಲೆ ಹಿಡಿತ ಸಿಗುವುದಿಲ್ಲ. ಗೀರು ಹಿಡಿಯುವುದು ಹಿಮವನ್ನು, ಗಡ್ಡೆಯನ್ನು ಹಿಡಿಯುವುದು ಮೆದು ರಬ್ಬರು.

ಬೂಟಿನ ಮೇಲೆ ಎಳೆದು ಹಾಕುವ ಮುಳ್ಳಿನ ಪಟ್ಟಿ ಒಂದು ಜೊತೆ ಚೀಲದಲ್ಲಿರಲಿ. ಕಟ್ಟಡದ ಬಾಗಿಲಲ್ಲೇ ಅದನ್ನು ಕಳಚಿ, ನುಣುಪು ಟೈಲ್ಸ್ ಮೇಲೆ ಅದೇ ಮುಳ್ಳು ನಿಮ್ಮನ್ನು ಬೀಳಿಸುತ್ತದೆ.

ರಾತ್ರಿ ಒಳಗಿನ ಅಸ್ತರಿಯನ್ನು ಹೊರಗೆಳೆದು ಬೇರೆ ಒಣಗಿಸಿ, ಬೂಟಿನೊಳಗೆ ಹಳೆ ಪತ್ರಿಕೆ ಉಂಡೆಮಾಡಿ ತುಂಬಿ. ಹೀಟರ್‌ಗೆ ಒರಗಿಸಿಟ್ಟರೆ ಅಂಟು ಬಿಡುತ್ತದೆ, ಚರ್ಮ ಬಿರಿಯುತ್ತದೆ. ದಿನಾ ನಡೆಯುವವರಿಗೆ ಎರಡು ಜೊತೆ ಬೇಕು. ಒಂದು ಒಣಗುತ್ತಿರುವಾಗ ಇನ್ನೊಂದು.

ಹಂತ 4: ಮೈಗೆ ಮೂರು ಪದರ

ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯೊಳಗೆ ಸಿಕ್ಕಿಕೊಂಡ ಗಾಳಿ. ಹಾಗಾಗಿ ಒಂದು ದಪ್ಪ ಪದರಕ್ಕಿಂತ ಮೂರು ತೆಳು ಪದರ ಒಳ್ಳೆಯದು.

ಮೈಗೆ ತಾಗುವುದು ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್. ಇದರ ಕೆಲಸ ಬೆವರನ್ನು ಚರ್ಮದಿಂದ ಎಳೆದುಹಾಕುವುದು. ಹತ್ತಿ ಇಲ್ಲಿ ಬೇಡವೇ ಬೇಡ. ಬೆವರು ಕುಡಿದು ಒದ್ದೆಯಾಗಿ ಹಾಗೇ ಉಳಿಯುತ್ತದೆ, ನಿಂತ ಕೂಡಲೇ ಬೆನ್ನು ಕೊರೆಯತೊಡಗುತ್ತದೆ. ಎರಡನೆಯದು ಫ್ಲೀಸ್, ಉಣ್ಣೆಯ ಸ್ವೆಟರ್ ಅಥವಾ ಡೌನ್, ಅಂದರೆ ಹಕ್ಕಿಯ ನವಿರು ಗರಿ, ತುಂಬಿದ ತೆಳುವಾದ ಜಾಕೆಟ್. ಮೂರನೆಯದು ಗಾಳಿ ಮತ್ತು ನೀರನ್ನು ತಡೆಯುವ ಹೊರಗಿನ ಕೋಟು.

ಕೋಟು ತೊಡೆಯ ಅರ್ಧದವರೆಗಾದರೂ ಬರಲಿ. ಝಿಪ್ಪಿನ ಮೇಲೆ ಮುಚ್ಚುವ ಪಟ್ಟಿ, ತೋಳಿನ ಒಳಗೆ ಮಣಿಕಟ್ಟು ಹಿಡಿಯುವ ಹೆಣಿಗೆಯ ಕಫ್, ಗಾಳಿಗೆ ಹಾರಿಹೋಗದ ಹುಡ್ ಇವೆಯೇ ನೋಡಿ. ಡೌನ್ ಕೋಟಿನ ಮೇಲೆ 600, 700, 800 ಎಂದು ಬರೆದಿರುತ್ತದೆ. ಅದು ಎಷ್ಟು ಬೆಚ್ಚಗೆ ಎಂಬುದರ ಅಂಕಿಯಲ್ಲ, ಗರಿಯ ಗುಣಮಟ್ಟದ್ದು. ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಎಂಬುದೂ ಸೇರಿದರೆ ಮಾತ್ರ ಅದಕ್ಕೆ ಅರ್ಥ. 800 ಎಂದು ಬರೆದ ತೆಳು ಜಾಕೆಟ್ಟಿಗಿಂತ 600ರ ದಪ್ಪ ಕೋಟು ಬೆಚ್ಚಗಿರಬಹುದು. ಒದ್ದೆಯಾದ ಡೌನ್ ಮುದ್ದೆಗಟ್ಟಿ ಕೆಲಸಕ್ಕೆ ಬಾರದಂತಾಗುತ್ತದೆ. ಕೆಸರುಹಿಮದ ಊರಿಗೆ ಸಿಂಥೆಟಿಕ್ ತುಂಬಿದ ಕೋಟು ಸರಿ.

ಎಲ್ಲರೂ ಮರೆಯುವುದು ತೊಡೆ. ಮೇಲೆ ಮೂರು ಪದರ ಹಾಕಿ ಕೆಳಗೆ ಒಂದೇ ಜೀನ್ಸ್ ತೊಟ್ಟು ಹೊರಡುತ್ತಾರೆ. ಜೀನ್ಸ್ ಕೂಡ ಹತ್ತಿಯೇ. ಒಳಗೊಂದು ಥರ್ಮಲ್ ಪ್ಯಾಂಟ್ ಇರಲಿ.

ಪದರ ಸರಿಯಾಗಿದೆಯೇ ಎಂದು ತಿಳಿಯುವ ಸುಲಭ ಪರೀಕ್ಷೆ: ಬಾಗಿಲಾಚೆ ಕಾಲಿಟ್ಟ ಮೊದಲ ಐದು ನಿಮಿಷ ಸ್ವಲ್ಪ ಚಳಿ ಎನ್ನಿಸಬೇಕು. ಹೊರಟಾಗಲೇ ಹಾಯೆನ್ನಿಸಿದರೆ ಹತ್ತು ನಿಮಿಷ ನಡೆದ ಮೇಲೆ ಬೆವರುತ್ತೀರಿ, ನಿಂತ ಮೇಲೆ ನಡುಗುತ್ತೀರಿ. ಬಸ್ಸು, ಅಂಗಡಿ, ಕಚೇರಿ ಎಲ್ಲದರೊಳಗೂ ಹೀಟರ್ ಇರುತ್ತದೆ. ಒಳಗೆ ಹೋದ ತಕ್ಷಣ ಝಿಪ್ ಇಳಿಸಿ.

ಕೈಗೆ ಬೆರಳು ಬೇರೆ ಬೇರೆಯಿರುವ ಗ್ಲೌಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ ಬೆಚ್ಚಗೆ. ಅದರೊಳಗೆ ತೆಳುವಾದ ಗ್ಲೌಸ್ ಹಾಕಿಕೊಂಡರೆ ಬೀಗ ತೆಗೆಯಲು, ಫೋನ್ ಮುಟ್ಟಲು ಬರಿಗೈ ಮಾಡಬೇಕಿಲ್ಲ. ಟೊಪ್ಪಿ ಕಿವಿಯ ಹಾಲೆಯನ್ನೂ ಮುಚ್ಚಲಿ. ಕುತ್ತಿಗೆಗೆ ಬಿಚ್ಚಿಕೊಳ್ಳುವ ಮಫ್ಲರ್‌ಗಿಂತ ತಲೆಯಿಂದ ಇಳಿಸುವ ಕೊಳವೆಯಂಥ ಬಟ್ಟೆ ಲೇಸು, ಬೇಕೆಂದಾಗ ಮೂಗಿನವರೆಗೂ ಎಳೆದುಕೊಳ್ಳಬಹುದು. ಫೋನ್ ಒಳಜೇಬಿನಲ್ಲಿರಲಿ. ಚಳಿಗೆ ಬ್ಯಾಟರಿ ಬೇಗ ಬಿದ್ದುಹೋಗುತ್ತದೆ, ಅದೂ ದಾರಿ ತಪ್ಪಿದಾಗಲೇ.

ಹಂತ 5: ಮನೆ ಹಿಡಿಯುವಾಗ ಕೇಳಬೇಕಾದ ಪ್ರಶ್ನೆಗಳು

ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಕೇಳಿ: ಮನೆ ಬೆಚ್ಚಗಿಡುವ ವ್ಯವಸ್ಥೆ ಯಾವುದು, ಬಿಸಿನೀರು ಹರಿಸುವ ಬಾಯ್ಲರೋ, ಬಿಸಿಗಾಳಿ ಊದುವ ಫರ್ನೇಸೋ, ಕರೆಂಟ್ ಹೀಟರೋ? ಅದರ ಬಿಲ್ಲು ಯಾರದು? ಬಿಸಿ ಎಷ್ಟಿರಬೇಕೆಂದು ಗೊತ್ತುಮಾಡುವ ಥರ್ಮೋಸ್ಟಾಟ್ ನಿಮ್ಮ ಕೈಯಲ್ಲಿದೆಯೇ? ಮೆಟ್ಟಿಲು, ಮುಂದಿನ ಕಾಲುದಾರಿಯ ಹಿಮ ತೆಗೆಯುವವರು ಯಾರು? ಹಿಮ ತೆಗೆಯುವ ಯಂತ್ರ ಬರುವ ದಿನ ರಸ್ತೆಬದಿಯ ಕಾರನ್ನು ಎಲ್ಲಿ ನಿಲ್ಲಿಸಬೇಕು? ಅನೇಕ ಊರುಗಳಲ್ಲಿ ಮನೆ ಮುಂದಿನ ಕಾಲುದಾರಿಯನ್ನು ಇಂತಿಷ್ಟು ಗಂಟೆಯೊಳಗೆ ತೆರವು ಮಾಡದಿದ್ದರೆ ದಂಡವಿದೆ, ಅಡ್ಡವಿದ್ದ ಕಾರನ್ನು ಎಳೆದೊಯ್ಯುವುದೂ ಉಂಟು. ಈ ಉತ್ತರಗಳು ಬರಹದಲ್ಲಿರಲಿ.

ಹಂತ 6: ಮನೆ ಬೆಚ್ಚಗಾಗಿಸುವುದು

ಚಳಿ ಬರುವ ಮೊದಲೇ ಒಂದು ದಿನ ಹೀಟಿಂಗ್ ಹಾಕಿ ನೋಡಿ. ಮೊದಲ ಸಲ ಧೂಳು ಸುಟ್ಟ ವಾಸನೆ ಸ್ವಲ್ಪ ಹೊತ್ತು ಬರುವುದು ಸಹಜ. ಒಂದೆರಡು ಗಂಟೆಯಾದರೂ ಹೋಗದಿದ್ದರೆ, ಪ್ಲಾಸ್ಟಿಕ್ ಸುಟ್ಟಂತೆ ನಾರಿದರೆ ಆರಿಸಿ ತಿಳಿದವರನ್ನು ಕರೆಸಿ. ಗಾಳಿ ಊದುವ ಫರ್ನೇಸ್ ಇದ್ದರೆ ಅದರ ಫಿಲ್ಟರ್ ಅನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಿಸಬೇಕು.

ಬಿಸಿನೀರಿನ ರೇಡಿಯೇಟರ್ ಕೆಳಗೆ ಬಿಸಿ, ಮೇಲೆ ತಣ್ಣಗೆ ಇದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಹೀಟಿಂಗ್ ಆರಿಸಿ, ರೇಡಿಯೇಟರ್ ತಣಿಯಲು ಬಿಡಿ. ಮೇಲ್ತುದಿಯ ಪಕ್ಕದಲ್ಲಿ ಚೌಕ ತಲೆಯ ಸಣ್ಣ ತಿರುಪು ಇರುತ್ತದೆ. ಅದರ ಕೆಳಗೆ ಬಟ್ಟೆ ಹಿಡಿದು, ಅದಕ್ಕೆ ಹೊಂದುವ ರೇಡಿಯೇಟರ್ ಕೀಲಿಯನ್ನು ಎಡಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ. ಮೊದಲು ಸುಸ್ಸೆಂದು ಗಾಳಿ ಬರುತ್ತದೆ, ಆಮೇಲೆ ಬುಳುಬುಳು, ಕೊನೆಗೆ ನೀರಿನ ಸಣ್ಣ ಧಾರೆ. ಧಾರೆ ಕಂಡ ಕೂಡಲೇ ಮುಚ್ಚಿ. ಬಳಿಕ ಬಾಯ್ಲರಿನ ಒತ್ತಡ ನೋಡಿ. ತಣ್ಣಗಿರುವಾಗ ಮನೆಯ ಬಾಯ್ಲರ್‌ಗಳಲ್ಲಿ ಸಾಮಾನ್ಯವಾಗಿ 1ರಿಂದ 1.5 ಬಾರ್ ಇರಬೇಕು. ಹಬೆಯಿಂದ ನಡೆಯುವ ಹಳೆಯ ರೇಡಿಯೇಟರ್‌ಗೆ ಈ ಕೆಲಸ ಮಾಡಲೇಬೇಡಿ.

ಕಿಟಕಿ ಬಾಗಿಲುಗಳ ಸಂದಿ ಹುಡುಕಲು ಗಾಳಿಯಿರುವ ದಿನ ಹಚ್ಚಿದ ಊದುಬತ್ತಿಯನ್ನು ಚೌಕಟ್ಟಿನ ಸುತ್ತ ನಿಧಾನ ಆಡಿಸಿ, ಪರದೆಯಿಂದ ದೂರ. ಹೊಗೆ ಅಡ್ಡ ಹೊರಳಿದ ಕಡೆಯೆಲ್ಲ ಸಂದಿಯಿದೆ. ಬಾಗಿಲಿನ ಸುತ್ತ ಫೋಮ್ ಪಟ್ಟಿ, ಬಾಗಿಲಡಿಗೆ ಬ್ರಷ್ ಪಟ್ಟಿ, ಕಿಟಕಿಗೆ ಹೇರ್ ಡ್ರೈಯರಿನಿಂದ ಬಿಗಿಗೊಳಿಸುವ ಪ್ಲಾಸ್ಟಿಕ್ ಹಾಳೆ. ಅಂಟುಪಟ್ಟಿ 10 ಡಿಗ್ರಿಗಿಂತ ತಣ್ಣಗಿನ ಚೌಕಟ್ಟಿಗೆ ಸರಿಯಾಗಿ ಹಿಡಿಯುವುದಿಲ್ಲ. ಈ ಕೆಲಸವನ್ನು ಚಳಿಗೆ ಮೊದಲೇ ಮಾಡಿ ಎನ್ನುವುದು ಅದಕ್ಕೇ.

ಥರ್ಮೋಸ್ಟಾಟ್ 18ರಿಂದ 21 ಡಿಗ್ರಿಯಲ್ಲಿರಲಿ. ಊರಿಗೆ ಹೊರಟರೂ ಪೂರ್ತಿ ಆರಿಸಬೇಡಿ; 13 ಡಿಗ್ರಿಗಿಂತ ಕೆಳಗಿಳಿಸಿದರೆ ಗೋಡೆಯೊಳಗಿನ ಪೈಪಿಗೆ ಅಪಾಯ.

ಹೀಟಿಂಗ್ ನಡೆಯುತ್ತಿರುವ ಮನೆಯ ಗಾಳಿ ಒಣಗಿ ಮೂಗಿನಲ್ಲಿ ರಕ್ತ, ತುಟಿ ಬಿರುಕು, ಬಾಗಿಲಿನ ಹಿಡಿ ಮುಟ್ಟಿದರೆ ಚಿಟ್ಟೆಂದು ಕರೆಂಟು. ಹ್ಯುಮಿಡಿಫೈಯರ್ ಇಟ್ಟು ತೇವಾಂಶವನ್ನು ಶೇ 30ರಿಂದ 40ರಲ್ಲಿಡಿ. ಕಿಟಕಿ ಗಾಜಿನ ಒಳಗೆ ನೀರಿಳಿಯುತ್ತಿದ್ದರೆ ತೇವ ಹೆಚ್ಚಾಯಿತೆಂದು ಅರ್ಥ. ಒಂದೆರಡು ವಾರ ಬಿಟ್ಟರೆ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ.

ಹಂತ 7: ನೀರಿನ ಪೈಪು

ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಪೈಪು ಸಾಮಾನ್ಯವಾಗಿ ಒಡೆಯುವುದು ಗಡ್ಡೆಯಾದ ಜಾಗದಲ್ಲೇ ಅಲ್ಲ, ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡಕ್ಕೆ. ಮುಂದಿನ ಉಪಾಯಗಳೆಲ್ಲ ಆ ಒತ್ತಡ ಕಟ್ಟಿಕೊಳ್ಳದಂತೆ ಮಾಡುವುದಕ್ಕೇ.

ಹೊಸ ಮನೆಗೆ ಹೋದ ಮೊದಲ ದಿನವೇ ಇಡೀ ಮನೆಯ ನೀರು ನಿಲ್ಲಿಸುವ ಮುಖ್ಯ ವಾಲ್ವ್ ಎಲ್ಲಿದೆ ನೋಡಿ, ಒಮ್ಮೆ ತಿರುಗಿಸಿ ಪರೀಕ್ಷಿಸಿ. ಪೈಪು ಒಡೆದ ರಾತ್ರಿ ಹುಡುಕಲು ಹೊರಟರೆ ನೆಲವೆಲ್ಲ ನೀರು.

ಚಳಿಗೆ ಮೊದಲು ಹೊರಗಿನ ನಲ್ಲಿಗೆ ಸಿಕ್ಕಿಸಿದ ಹೋಸ್ ಪೈಪ್ ಕಳಚಿ. ಆ ನಲ್ಲಿಗೆ ಒಳಗಿನಿಂದ ಬರುವ ವಾಲ್ವ್ ಮುಚ್ಚಿ, ಹೊರಗಿನ ನಲ್ಲಿಯನ್ನು ತೆರೆದು ಉಳಿದ ನೀರು ಹರಿದುಹೋಗಲು ಬಿಡಿ. ನೆಲಮಾಳಿಗೆ, ಗ್ಯಾರೇಜು, ಹೊರಗೋಡೆಗೆ ತಾಗಿದ ಪೈಪುಗಳಿಗೆ ಫೋಮ್ ಕವಚ ಹಾಕಿ.

ಬಹಳ ಚಳಿಯ ರಾತ್ರಿ ಹೊರಗೋಡೆಯ ಬದಿಯ ಸಿಂಕಿನ ಕೆಳಗಿನ ಕಪಾಟು ತೆರೆದಿಡಿ, ಆ ನಲ್ಲಿಯಿಂದ ದಾರದಷ್ಟು ಸಣ್ಣಗೆ ನೀರು ಹರಿಯುತ್ತಿರಲಿ.

ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ಹನಿಹನಿ ಮಾತ್ರ ಬಂದರೆ ಎಲ್ಲೋ ಗಡ್ಡೆಯಾಗಿದೆ. ನಲ್ಲಿಯನ್ನು ತೆರೆದೇ ಇಡಿ. ಹೇರ್ ಡ್ರೈಯರ್ ಹಿಡಿದು ನಲ್ಲಿಯ ಬದಿಯಿಂದ ಶುರುಮಾಡಿ ಗಡ್ಡೆಯತ್ತ ನಿಧಾನವಾಗಿ ಸಾಗಿ, ಹಾಗಾದರೆ ಕರಗಿದ ನೀರಿಗೆ ಹೊರಬರಲು ದಾರಿಯಿರುತ್ತದೆ. ಡ್ರೈಯರ್ ಹಿಡಿದ ಕೈ ನೀರಿನಲ್ಲಿರಬಾರದು. ಬೆಂಕಿ, ಬ್ಲೋಟಾರ್ಚ್ ಹತ್ತಿರ ತರಬೇಡಿ. ಪೈಪಿನ ಮೇಲೆ ಉಬ್ಬು ಅಥವಾ ಸೀಳು ಕಂಡರೆ ಮೊದಲು ಮುಖ್ಯ ವಾಲ್ವ್ ಮುಚ್ಚಿ, ಆಮೇಲೆ ಪ್ಲಂಬರ್‌ಗೆ ಫೋನ್. ಕರಗುವವರೆಗೂ ಸೋರಿಕೆ ಕಾಣುವುದಿಲ್ಲ.

ಹಂತ 8: ಕಾರ್ಬನ್ ಮೊನಾಕ್ಸೈಡ್ ಮತ್ತು ಬೆಂಕಿ

ಈ ಹಂತವನ್ನು ನಾಳೆಗೆ ಬಿಡಬೇಡಿ. ಗ್ಯಾಸ್, ಎಣ್ಣೆ, ಕಟ್ಟಿಗೆ ಯಾವುದನ್ನು ಉರಿಸಿದರೂ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬರಬಹುದು. ಬಣ್ಣವಿಲ್ಲ, ವಾಸನೆಯಿಲ್ಲ. ಪ್ರತಿ ಮಹಡಿಗೂ ಮಲಗುವ ಕೋಣೆಗಳ ಹತ್ತಿರಕ್ಕೂ ಒಂದೊಂದು ಅಲಾರಂ ಹಾಕಿ, ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ. ಅದರ ಹಿಂದೆ ಬರೆದಿರುವ ಮುಗಿಯುವ ವರ್ಷವನ್ನೂ ನೋಡಿ.

ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದರೆ ಕಡಿಮೆಯಾಗುತ್ತಿದ್ದರೆ ಅದು ಜ್ವರ, ನೆಗಡಿ ಅಲ್ಲದಿರಬಹುದು. ಎಲ್ಲರನ್ನೂ ಹೊರಗೆ ಕರೆತಂದು ತುರ್ತು ಸೇವೆಗೆ ಫೋನ್ ಮಾಡಿ. ಅವರು ಹೇಳುವವರೆಗೆ ಒಳಗೆ ಹೋಗಬೇಡಿ.

ಚಳಿಯೆಂದು ಗ್ಯಾಸ್ ಒಲೆ ಉರಿಸಿಟ್ಟು ಕೋಣೆ ಬಿಸಿಮಾಡುವುದು, ಇದ್ದಿಲು ಹೊತ್ತಿಸಿ ಒಳಗಿಡುವುದು, ಗ್ಯಾರೇಜಿನೊಳಗೆ ಕಾರು ಚಾಲೂ ಮಾಡಿ ಬಿಡುವುದು ಪ್ರಾಣಕ್ಕೇ ಸಂಚಕಾರ. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಅಪಾಯ ತಪ್ಪುವುದಿಲ್ಲ. ಹಿಮ ಜೋರಾಗಿ ಬಿದ್ದ ಬೆಳಿಗ್ಗೆ ಮನೆಯ ಹೊರಗೋಡೆಯಲ್ಲಿರುವ ಹೀಟಿಂಗಿನ ಹೊಗೆಕೊಳವೆ ಮುಚ್ಚಿಹೋಗಿದೆಯೇ ನೋಡಿ, ಕೈಯಿಂದ ಹಿಮ ಸರಿಸಿ.

ಕರೆಂಟ್ ಹೀಟರ್ ಸುತ್ತ ಒಂದು ಮೀಟರ್ ಜಾಗ ಬಿಡಿ. ಅದನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೇ ಹಾಕಿ, ಎಕ್ಸ್‌ಟೆನ್ಷನ್ ಬೋರ್ಡಿಗಲ್ಲ. ಮಲಗುವಾಗ ಆರಿಸಿ.

ಹಂತ 9: ಹಿಮ ತೆಗೆಯುವುದು, ಉಪ್ಪು ಹಾಕುವುದು

ಬೇಕಾದ್ದು: ಬಾಗಿದ ಹಿಡಿಯ ಪ್ಲಾಸ್ಟಿಕ್ ಸಲಿಕೆ, ಮಂಜುಗಡ್ಡೆ ಕೆತ್ತುವ ಲೋಹದ ಹಾರೆ, ಉಪ್ಪು, ಮರಳು. ಮೊದಲ ಹಿಮಕ್ಕೆ ಮುಂಚೆಯೇ ಕೊಂಡಿಡಿ.

ಹಿಮ ನಿಂತ ಮೇಲೆ ಒಟ್ಟಿಗೆ ತೆಗೆಯೋಣ ಎಂದು ಕಾಯುವುದು ತಪ್ಪು. ಹತ್ತು ಸೆಂಟಿಮೀಟರ್ ಬಿದ್ದಾಗಲೊಮ್ಮೆ ತೆಗೆದರೆ ಕೆಲಸ ಹಗುರ. ಜನ ತುಳಿದು ಗಟ್ಟಿಯಾಯಿತೆಂದರೆ ಸಲಿಕೆ ಓಡುವುದಿಲ್ಲ. ಆದಷ್ಟು ಎತ್ತಬೇಡಿ, ತಳ್ಳಿ. ಎತ್ತಲೇಬೇಕಾದರೆ ಮಂಡಿ ಮಡಿಸಿ, ಅರ್ಧ ಸಲಿಕೆ ಮಾತ್ರ ತುಂಬಿ, ಸೊಂಟ ತಿರುಚಿ ಹಿಂದಕ್ಕೆ ಎಸೆಯದೆ ಇಡೀ ಮೈ ತಿರುಗಿಸಿ ಹಾಕಿ. ಒಂದು ಘನ ಮೀಟರ್ ಒಣ ಹೊಸ ಹಿಮ 50ರಿಂದ 100 ಕಿಲೋ ತೂಗಿದರೆ, ಒದ್ದೆ ಹಿಮ ಅದರ ಹಲವು ಪಟ್ಟು.

ಚಳಿಗೆ ರಕ್ತನಾಳಗಳು ಕುಗ್ಗಿರುತ್ತವೆ, ಅದರ ಮೇಲೆ ಈ ಶ್ರಮ. ಹಿಮ ತೆಗೆಯುವಾಗ ಹೃದಯಾಘಾತವಾಗುವುದು ಹಿಮದ ಊರುಗಳಲ್ಲಿ ಗೊತ್ತಿರುವ ಸಂಗತಿ. ಹೃದಯದ ತೊಂದರೆ, ಬಿಪಿ ಇರುವವರು ಬೇರೆಯವರಿಂದ ಮಾಡಿಸಿ. ಎದೆ ಬಿಗಿತ, ಎಡತೋಳಿಗೆ ಅಥವಾ ದವಡೆಗೆ ಹರಡುವ ನೋವು, ಏದುಸಿರು ಬಂದರೆ ಸಲಿಕೆ ಅಲ್ಲೇ ಬಿಟ್ಟು ತುರ್ತು ಸೇವೆಗೆ ಫೋನ್ ಮಾಡಿ.

ಉಪ್ಪು ಹಾಕುವುದು ಹಿಮ ತೆಗೆದ ಮೇಲೆ. ಹಿಮದ ರಾಶಿಯ ಮೇಲೆ ಸುರಿದರೆ ವ್ಯರ್ಥ. ಸಾಮಾನ್ಯ ಕಲ್ಲುಪ್ಪು ಮೈನಸ್ 9 ಡಿಗ್ರಿಯವರೆಗೆ ಕೆಲಸ ಮಾಡುತ್ತದೆ, ಅದಕ್ಕಿಂತ ಚಳಿಯಾದರೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಇಲ್ಲವೇ ಹಿಡಿತಕ್ಕೆ ಮರಳು. ಆರು ಮೀಟರ್ ಉದ್ದದ ಕಾರುದಾರಿಗೆ ಒಂದು ಕಾಫಿ ಮಗ್ಗಿನಷ್ಟು ಉಪ್ಪು ಸಾಕು. ಹರಳುಗಳ ನಡುವೆ ನಾಲ್ಕು ಬೆರಳು ಅಂತರವಿರುವಂತೆ ಚೆಲ್ಲಿ. ನಾಯಿ ಸಾಕಿದವರು ಹೊರಗಿನಿಂದ ಬಂದ ಮೇಲೆ ಅದರ ಪಾದ ತೊಳೆಯಿರಿ.

ಹಂತ 10: ನಡೆಯುವ ರೀತಿ ಬದಲಿಸಿ

ಹೆದರಬೇಕಾದ್ದು ಬಿಳಿ ಹಿಮಕ್ಕಲ್ಲ, ಬ್ಲ್ಯಾಕ್ ಐಸ್ ಎನ್ನುವ ಕಾಣದ ತೆಳು ಗಡ್ಡೆಗೆ. ಡಾಂಬರು ಒದ್ದೆಯಾಗಿದೆ ಎಂದಷ್ಟೇ ಕಾಣುತ್ತದೆ. ಹಗಲು ಕರಗಿದ ನೀರು ರಾತ್ರಿ ಗಟ್ಟಿಯಾದ ಬೆಳಿಗ್ಗೆ, ನೆರಳಿರುವ ಕಡೆ, ಮೆಟ್ಟಿಲಿನ ಅಂಚು, ಸೇತುವೆ, ಮಾಡಿನ ನೀರು ತೊಟ್ಟಿಕ್ಕುವ ಜಾಗಗಳಲ್ಲಿ ಇದ್ದೇ ಇರುತ್ತದೆ ಎಂದುಕೊಳ್ಳಿ.

ಪೆಂಗ್ವಿನ್ ನಡೆಯುವುದನ್ನು ನೆನಪಿಸಿಕೊಳ್ಳಿ: ಹೆಜ್ಜೆ ಗಿಡ್ಡ, ಪಾದ ಪೂರ್ತಿ ನೆಲಕ್ಕೆ, ಮೈಭಾರ ಮುಂದಿನ ಕಾಲಿನ ಮೇಲೆ, ಕೈ ಜೇಬಿನಿಂದ ಹೊರಗೆ. ನೋಡಲು ನಗು ಬಂದರೂ ಮೂಳೆ ಉಳಿಯುತ್ತದೆ. ಕಾಲು ಜಾರಿತೆಂದರೆ ಅಂಗೈ ಊರಬೇಡಿ, ಮಣಿಕಟ್ಟು ಮುರಿಯುವುದು ಹಾಗೆ. ಗದ್ದವನ್ನು ಎದೆಗೊತ್ತಿ, ಪಕ್ಕಕ್ಕೆ ತೊಡೆಯ ಮೇಲೆ ಬೀಳಲು ನೋಡಿ.

ಹಂತ 11: ಕಾರು

ಟೈರ್: 7 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಟೈರಿನ ರಬ್ಬರ್ ಗಡಸಾಗತೊಡಗುತ್ತದೆ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತಿರುವ ಟೈರನ್ನು ನಾಲ್ಕೂ ಚಕ್ರಕ್ಕೆ ಹಾಕಿಸಿ. ಎರಡಕ್ಕೆ ಮಾತ್ರ ಹಾಕಿಸಿದರೆ ತಿರುವಿನಲ್ಲಿ ಕಾರು ಸುತ್ತಿಬಿಡಬಹುದು. ಫೋರ್ ವೀಲ್ ಡ್ರೈವ್ ಇದೆಯಲ್ಲ ಎಂದುಕೊಳ್ಳಬೇಡಿ. ಅದು ಹೊರಡಿಸಲು ನೆರವಾಗುತ್ತದೆ, ನಿಲ್ಲಿಸಲು ಅಲ್ಲ. ಉಷ್ಣಾಂಶ ಐದಾರು ಡಿಗ್ರಿ ಇಳಿದಾಗಲೊಮ್ಮೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ. 25 ಡಿಗ್ರಿಯಲ್ಲಿ ಗಾಳಿ ತುಂಬಿಸಿದ ಟೈರ್ ಮೈನಸ್ 10ರಲ್ಲಿ 6 ಪಿಎಸ್‌ಐ ಕಮ್ಮಿ.

ಬ್ಯಾಟರಿ: ಸೊನ್ನೆಯಲ್ಲಿ ಮೂರನೇ ಒಂದು ಭಾಗ, ಮೈನಸ್ 18ರಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಕಳೆದುಕೊಳ್ಳುತ್ತದೆ. ದಪ್ಪಗಾದ ಎಂಜಿನ್ ಆಯಿಲ್ ತಿರುಗಿಸಲು ಆಗಲೇ ಹೆಚ್ಚು ಶಕ್ತಿ ಬೇಕು. ಮೂರು ವರ್ಷ ದಾಟಿದ್ದರೆ ಚಳಿಗೆ ಮೊದಲು ಪರೀಕ್ಷೆ ಮಾಡಿಸಿ.

ಕೂಲೆಂಟ್ ಮತ್ತು ನೀರು ಸಮಸಮ ಬೆರೆತಿದ್ದರೆ ಸುಮಾರು ಮೈನಸ್ 35ರವರೆಗೆ ಹೆಪ್ಪುಗಟ್ಟುವುದಿಲ್ಲ. ಗಾಜು ತೊಳೆಯುವ ಟ್ಯಾಂಕಿನಲ್ಲಿ ಬರೀ ನೀರಿದ್ದರೆ ಖಾಲಿ ಮಾಡಿ ಚಳಿಗಾಲದ ದ್ರವ ತುಂಬಿ. ಗಾಜಿನ ಮೇಲೆ ಗಡ್ಡೆ ಕಟ್ಟಿದರೆ ಬಿಸಿನೀರು ಸುರಿಯಬೇಡಿ, ಗಾಜೇ ಸೀಳುತ್ತದೆ. ಕಾರಿನ ಮಾಡಿನ ಹಿಮವನ್ನೂ ಇಳಿಸಿ. ಬ್ರೇಕ್ ಹಾಕಿದಾಗ ಅದು ಮುಂದಿನ ಗಾಜಿನ ಮೇಲೆ ಕುಸಿದು ಕಣ್ಣು ಕಟ್ಟುತ್ತದೆ.

ಡಿಕ್ಕಿಯಲ್ಲಿ ಮಡಚುವ ಸಲಿಕೆ, ಕೆರೆಯುವ ಸ್ಕ್ರೇಪರ್, ಇನ್ನೊಂದು ಕಾರಿನ ಬ್ಯಾಟರಿಯಿಂದ ಸ್ಟಾರ್ಟ್ ಮಾಡಲು ಜಂಪರ್ ಕೇಬಲ್, ಕಂಬಳಿ, ಟಾರ್ಚು, ಮರಳು, ಒಣ ಸಾಕ್ಸ್ ಇರಲಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ.

ಗಡ್ಡೆಯ ಮೇಲೆ ಮುಂದಿನ ವಾಹನದಿಂದ ಎಂದಿನ ಹತ್ತು ಪಟ್ಟು ಅಂತರವೂ ಬೇಕಾಗಬಹುದು. ಜಾರಿದರೆ ಆಕ್ಸಿಲರೇಟರ್ ಬಿಟ್ಟು, ಹೋಗಬೇಕಾದ ದಿಕ್ಕನ್ನೇ ನೋಡುತ್ತ ಸ್ಟೀರಿಂಗ್ ಮೆಲ್ಲಗೆ ಅತ್ತ ತಿರುಗಿಸಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗುವುದು ಸಹಜ, ಹೆದರಿ ಕಾಲೆತ್ತಬೇಡಿ.

ಹಿಮದಲ್ಲಿ ಸಿಕ್ಕಿಬಿದ್ದರೆ ಕಾರು ಬಿಟ್ಟು ನಡೆದು ಹೋಗಬೇಡಿ. ಸೈಲೆನ್ಸರ್ ಕೊಳವೆಯ ಸುತ್ತಲಿನ ಹಿಮ ತೆಗೆದು, ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಗಾಳಿ ಬೀಸದ ಬದಿಯ ಕಿಟಕಿ ಬೆರಳಷ್ಟು ಇಳಿಸಿ.

ಹಂತ 12: ಮೈಯಲ್ಲಿ ಕಾಣುವ ಎಚ್ಚರಿಕೆಗಳು

ಹಿಮಕಡಿತ, ಅಂದರೆ ಫ್ರಾಸ್ಟ್‌ಬೈಟ್: ಬೆರಳು, ಮೂಗು, ಕಿವಿ, ಕೆನ್ನೆ ಮೊದಲು ಚುಚ್ಚಿದಂತಾಗಿ ಆಮೇಲೆ ಜೋಮು ಹಿಡಿಯುತ್ತದೆ. ನೋವು ನಿಂತಿತೆಂದರೆ ಸರಿಹೋಯಿತೆಂದಲ್ಲ, ಕೆಟ್ಟಿತೆಂದು. ಚರ್ಮ ಬಿಳಿಚಿ ಮೇಣದಂತಾಗುತ್ತದೆ. ಕಪ್ಪು ಚರ್ಮದಲ್ಲಿ ಬಣ್ಣ ತಿಳಿಯುವುದು ಕಷ್ಟ, ಮುಟ್ಟಿ ಗಟ್ಟಿಯಾಗಿದೆಯೇ ನೋಡಿ. ಉಜ್ಜಬೇಡಿ, ಹಿಮವನ್ನಂತೂ ತಿಕ್ಕಲೇಬೇಡಿ, ಬೆಂಕಿಗೆ ಒಡ್ಡಬೇಡಿ. ಮತ್ತೆ ಚಳಿಗೆ ಹೋಗುವುದಿಲ್ಲ ಎಂದು ಖಚಿತವಾದ ಮೇಲೆ 37ರಿಂದ 39 ಡಿಗ್ರಿಯ ನೀರಿನಲ್ಲಿ ಅದ್ದಿಡಿ. ಗುಳ್ಳೆ ಎದ್ದರೆ, ಸ್ಪರ್ಶ ಮರಳದಿದ್ದರೆ ಆಸ್ಪತ್ರೆಗೆ.

ಹೈಪೋಥರ್ಮಿಯಾ: ಮೈಯೊಳಗಿನ ಉಷ್ಣಾಂಶ 35 ಡಿಗ್ರಿಗಿಂತ ಇಳಿಯುವುದು. ತಡೆಯಲಾಗದ ನಡುಕ, ತೊದಲುವ ಮಾತು, ಎಡವುವ ಕಾಲು, ಗುಂಡಿ ಹಾಕಲು ಬಾರದ ಬೆರಳು. ಮೈ ತಣ್ಣಗಿರುವಾಗಲೇ ನಡುಕ ನಿಂತು ಮಂಪರು ಬಂದರೆ ಪರಿಸ್ಥಿತಿ ಬಹಳ ಕೆಟ್ಟಿದೆ, ತುರ್ತು ಸೇವೆಗೆ ಫೋನ್ ಮಾಡಿ. ಒದ್ದೆ ಬಟ್ಟೆ ತೆಗೆದು, ಮೊದಲು ಎದೆ, ಹೊಟ್ಟೆ, ಕುತ್ತಿಗೆ ಬೆಚ್ಚಗೆ ಮಾಡಿ, ಎಚ್ಚರವಿದ್ದರೆ ಸಿಹಿಯಾದ ಬಿಸಿ ಪಾನೀಯ ಕೊಡಿ. ಮದ್ಯ ಕುಡಿದರೆ ಬೆಚ್ಚಗಾಗುತ್ತದೆಂಬುದು ಸುಳ್ಳು. ಅದು ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುತ್ತದೆ.

ಸ್ನಾನ ಉಗುರುಬೆಚ್ಚಗಿನ ನೀರಿನಲ್ಲಿ, ಬೇಗ ಮುಗಿಯಲಿ. ಮೈ ಇನ್ನೂ ತೇವವಿರುವಾಗಲೇ ಮುಲಾಮಿನಂಥ ಗಟ್ಟಿ ಕ್ರೀಮ್ ಹಚ್ಚಿ. ಬಿಸಿಲಿದ್ದ ದಿನ ಹೊಸ ಹಿಮ ಅತಿನೇರಳೆ ಕಿರಣಗಳಲ್ಲಿ ಶೇ 80ರವರೆಗೂ ಪ್ರತಿಫಲಿಸುತ್ತದೆ, ತಂಪುಕನ್ನಡಕ ಬೇಕೇ ಬೇಕು. ಕತ್ತಲೆ ಬೇಗ ಕವಿಯುವ ಊರಿನಲ್ಲಿ ವಾರಗಟ್ಟಲೆ ನಿದ್ದೆ ಹೆಚ್ಚು, ಮನಸ್ಸು ಮಂಕು ಎನ್ನಿಸಿದರೆ ವೈದ್ಯರಿಗೆ ಹೇಳಿ. 10,000 ಲಕ್ಸ್‌ನ ಬೆಳಕಿನ ಪೆಟ್ಟಿಗೆಯ ಮುಂದೆ ಬೆಳಿಗ್ಗೆ 20ರಿಂದ 30 ನಿಮಿಷ ಕೂರಲು ಅವರು ಸೂಚಿಸಬಹುದು.

ಹಂತ 13: ಹಿಮ ಕರಗುವಾಗ

ಬಿಸಿಲು ಬಂತೆಂದು ಬೂಟು ಅಟ್ಟಕ್ಕೆ ಹಾಕಬೇಡಿ. ಹಗಲು ಕರಗಿ ರಾತ್ರಿ ಗಟ್ಟಿಯಾಗುವುದು ಈ ವಾರಗಳಲ್ಲೇ ಹೆಚ್ಚು, ಮಾಡಿನಿಂದ ಗಡ್ಡೆ ಕಳಚಿ ಬೀಳುವುದೂ ಈಗಲೇ. ಬೆಳಗಿನ ಉಷ್ಣಾಂಶ ಎರಡು ವಾರ ಬಿಡದೆ 7 ಡಿಗ್ರಿಯ ಮೇಲಿದ್ದರೆ ಮಾತ್ರ ಚಳಿಗಾಲದ ಟೈರ್ ಕಳಚಿಸಿ. ಕಾರಿನ ಅಡಿಭಾಗಕ್ಕೆ ಅಂಟಿದ ಉಪ್ಪನ್ನು ತೊಳೆಸಿ, ಇಲ್ಲದಿದ್ದರೆ ತುಕ್ಕು. ಡೌನ್ ಕೋಟನ್ನು ಅದಕ್ಕೆಂದೇ ಇರುವ ಸೋಪಿನಲ್ಲಿ ಒಗೆದು, ಡ್ರೈಯರಿನಲ್ಲಿ ಕಡಿಮೆ ಬಿಸಿಗೆ ಎರಡು ಟೆನಿಸ್ ಚೆಂಡು ಹಾಕಿ ಒಣಗಿಸಿ. ಗರಿಯ ಮುದ್ದೆಗಳನ್ನು ಚೆಂಡು ಬಡಿದು ಬಿಡಿಸುತ್ತದೆ. ಬೂಟಿನ ಮೇಲೆ ಬಿಳಿ ಗೆರೆ ಎದ್ದಿದ್ದರೆ ಅದು ರಸ್ತೆಯ ಉಪ್ಪು. ಒಂದು ಪಾಲು ವಿನಿಗರ್‌ಗೆ ಎರಡು ಪಾಲು ನೀರು ಬೆರೆಸಿ ಒರೆಸಿ, ಪೂರ್ತಿ ಒಣಗಿದ ಮೇಲೆ ಪೆಟ್ಟಿಗೆಗೆ ಹಾಕಿ.